ಹೊರಗಿನಿಂದ ಹಚ್ಚಿದ ಬೆಳ್ಳುಳ್ಳಿ

ಬುಕಾರೆಸ್ಟಿನ ನಮ್ಮ ಕಟ್ಟಡದಲ್ಲಿ ಸಂತ ಆಂದ್ರೇಯ ಹಬ್ಬದ ಹಿಂದಿನ ಸಂಜೆ ಎಲ್ಲರೂ ಬಾಗಿಲಿನ ಒಳಮೈಗೆ ಬೆಳ್ಳುಳ್ಳಿ ಉಜ್ಜುತ್ತಾರೆ, ರಕ್ತ ಹೀರುವವರು ಒಳಗೆ ಬಾರದಿರಲೆಂದು. ನಾನು ಉಜ್ಜಿರಲಿಲ್ಲ. ಈಚೆಗೆ ಆ ಘಾಟಿಗೇ ನನಗೆ ತಲೆ ಸಿಡಿಯುತ್ತಿತ್ತು.

ಹೀಟರು ಕೆಟ್ಟಿದ್ದರೂ ನಮ್ಮ ಹಾಸಿಗೆ ಕಾದ ಹೆಂಚಿನಂತಿತ್ತು. ದೋರಿನ್‌ನ ಮೈಯೇ ಹಾಗೆ; ಹುಣ್ಣಿಮೆ ಹತ್ತಿರವಾದಂತೆ ಅವನ ಬೆನ್ನಿನಿಂದ ಹಬೆ ಏಳುತ್ತದೆ. ನನ್ನ ಕುತ್ತಿಗೆಗೆ ತುಟಿ ಒತ್ತಿದವನು ಮೂಸಿ ಹಿಂದೆ ಸರಿದ. ಮೊದಲಿನ ಪ್ರಿಯಕರ ಕೊರ್ನೆಲ್ ಕಚ್ಚಿದ ಗಾಯ ಅಲ್ಲಿ ಇನ್ನೂ ಮಾಗಿರಲಿಲ್ಲ. ಅಷ್ಟು ಜಾಗ ಮಾತ್ರ ಸದಾ ತಣ್ಣಗಿರುತ್ತಿತ್ತು.

“ಆ ಹೆಣದ ವಾಸನೆ ನಿನ್ನಿಂದ ಇನ್ನೂ ಹೋಗಿಲ್ಲ.”

“ನಿನ್ನ ನಾಯಿ ವಾಸನೆ ನಾನು ಸಹಿಸ್ಕೊಂಡಿಲ್ವಾ? ಸುಮ್ನೆ ಬಾ.”

ಆಗ ಬಾಗಿಲಿನಾಚೆ ಏನೋ ಉಜ್ಜುವ ಸದ್ದಾಯಿತು. ತೆರೆದರೆ ಪಕ್ಕದ ಮನೆಯ ಮುದುಕಿ ಔರಿಕಾ, ಕೈಯಲ್ಲಿ ಬೆಳ್ಳುಳ್ಳಿ.

“ಆಂಟಿ, ಅದನ್ನ ಒಳಗಡೆಯಿಂದ ಹಚ್ಚೋದಲ್ವಾ?”

ಆಕೆ ನನ್ನ ಮುಖ ನೋಡದೆ ಉಜ್ಜುತ್ತಲೇ ಇದ್ದಳು.

“ಆಚೆ ಇರೋದು ಒಳಗೆ ಬರಬಾರ್ದು ಅಂದ್ರೆ ಒಳಗಡೆಯಿಂದ.”

ಬೆಳಗ್ಗೆ ದೋರಿನ್ ಆ ಬೆಳ್ಳುಳ್ಳಿಯನ್ನು ಬೆರಳಲ್ಲಿ ಬಳಿದು ನೆಕ್ಕಿ, ನಗುತ್ತ ಹೊಸ್ತಿಲು ದಾಟಿ ಕೆಲಸಕ್ಕೆ ಹೋದ. ನಾನೂ ಅವನ ಹಿಂದೆಯೇ ಹೊರಟಿದ್ದೆ. ಹೊಸ್ತಿಲಿನಾಚೆ ಇವತ್ತಿಗೂ ಕಾಲಿಟ್ಟಿಲ್ಲ.