ಬೆಳ್ಳಿ ಹಂಸದ ಜೋಡಿ

"ನನ್ನ ಮಗಳನ್ನ ಕಳ್ಳಿ ಅಂತ ಹೊರಗ ಹಾಕಾಕ ಹತ್ಯಾರ್ರಿ, ದಫೇದಾರ್ರ. ಆಕಿ ಕದ್ದಿಲ್ಲ ಅಂತ ಆ ಮನಿಯವರ ಮುಂದ ನೀವೊಂದು ಮಾತು ಹೇಳ್ರಿ, ಸಾಕು."

ಮಾಗಳದಿಂದ ಮೊದಲ ಬಸ್ಸಿಗೆ ಬಂದಿದ್ದ ಅಜ್ಜಯ್ಯ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹೀಗೆ ಕೈ ಮುಗಿದಾಗ, ದೊಡ್ಡಬೀರಪ್ಪನವರು ಕೈಯಲ್ಲಿದ್ದ ಚಹಾದ ಲೋಟ ಕೆಳಗಿಟ್ಟರು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದ ಮೇಲೂ ಕೊಟ್ಟೂರಿನ ಜನರಿಗೆ ಅವರು ದಫೇದಾರರೇ. ಠಾಣೆಗೆ ಹೋಗಲು ಮಾನಕ್ಕಂಜುವವರೆಲ್ಲ ಅವರನ್ನು ಹುಡುಕಿಕೊಂಡು ನನ್ನಲ್ಲಿಗೇ ಬರುತ್ತಿದ್ದರು. ನಾನು ಮಂಜಣ್ಣ. ಫೋಟೋಗಳಿಗೆ ಕಟ್ಟು ಹಾಕುವುದು, ಶೋಕೇಸಿಗೆ ಗಾಜು ಕೂರಿಸುವುದು, ಅದರೊಳಗಿಡುವ ತಾಜಮಹಲು, ಪಿಂಗಾಣಿ ನಾಯಿ ಮಾರುವುದು ನನ್ನ ಕಸುಬು. ತೊಂಬತ್ತೇಳರ ಆ ದಿನಗಳಲ್ಲಿ ಶೋಕೇಸ್ ಇಲ್ಲದ ಮನೆಗೆ ಹೆಣ್ಣು ಕೊಡುವವರೂ ಇರಲಿಲ್ಲ, ಅಂಥ ಮನೆಯಿಂದ ತರುವವರೂ ಇರಲಿಲ್ಲ. ಒಳಗೆ ಹುಳುಕಿದ್ದರೂ ಹೊರಗೆ ಥಳಕಿರಬೇಕು. ನನ್ನ ಹೊಟ್ಟೆ ತುಂಬಿದ್ದೇ ಅದರಿಂದ.

ಅಜ್ಜಯ್ಯನ ಮಗಳು ಅಮೃತಾ, ನಮ್ಮೂರಿನ ಕಾಳಿನ ವ್ಯಾಪಾರಿ ಅರುಣಕುಮಾರನ ಹೆಂಡತಿ. ಅವನ ತಾಯಿ ಅನ್ನದಾನಮ್ಮ ತವರಿನಿಂದ ತಂದಿದ್ದ ಬೆಳ್ಳಿ ಹಂಸದ ಜೋಡಿ ಶೋಕೇಸಿನಿಂದ ಮಾಯವಾಗಿತ್ತು. ಬೀಗ ಒಡೆದಿರಲಿಲ್ಲ. ಬೀಗದ ಕೈ ಎರಡೇ. ಒಂದು ಅತ್ತೆಯ ಸೊಂಟದಲ್ಲಿ, ಇನ್ನೊಂದು ಸೊಸೆಯ ಬಳಿ. ಮನೆಗೆಲಸದ ಈರಕ್ಕ ಅಂದು ಹಂಪಸಾಗರದಲ್ಲಿ ತಮ್ಮನ ಮನೆಯಲ್ಲಿದ್ದಳು. ಇನ್ನೇನು ಬೇಕು? ಸೊಸೆಯೇ ಕಳ್ಳಿ ಎಂದು ತೀರ್ಪಾಗಿಹೋಗಿತ್ತು.

ನಾವು ಹೋದಾಗ ಅಜ್ಜಯ್ಯ ಒಳಗೆ ಬರದೆ ಜಗಲಿಯ ಮೇಲೆ ಕೂತರು. ಆ ಮನೆಯ ನೀರು ಕೂಡ ಮುಟ್ಟಲಿಲ್ಲ.

ಪಡಸಾಲೆಯ ಶೋಕೇಸಿಗೆ ಗಾಜು ಕೂರಿಸಿದ್ದು ನಾನೇ. ಮೇಲಿನ ಹಲಗೆಯಲ್ಲಿ ಅಮೃತಾ ಮದುವೆಗೆ ಮುಂಚೆ ತಾಯಿಯ ಜೊತೆ ಕೂತು ಪೋಣಿಸಿದ ಮಣಿಯ ಗಿಳಿಗಳು. ಆ ತಾಯಿ ಈಗಿಲ್ಲ. ನಡುವೆ ಕೆಂಪು ಮಖಮಲ್ ಹಾಸಿದ ಜಾಗ ಖಾಲಿ. ಹಂಸಗಳ ಪೀಠ ಒತ್ತಿದ ಕಡೆ ಬಟ್ಟೆ ಅಲ್ಲಲ್ಲಿ ಹಸಿರಾಗಿತ್ತು.

"ಅಗ್ಗದ ಬಟ್ಟಿ, ಬಣ್ಣ ಕೆಟ್ಟೈತಿ," ಎಂದೆ.

"ಹಂಗಂತೀಯ?" ಎಂದಷ್ಟೇ ಹೇಳಿ ದಫೇದಾರರು ಬೆರಳಿನಿಂದ ಆ ಹಸಿರನ್ನು ಸವರಿ ನೋಡಿದರು.

ನನ್ನ ಕಣ್ಣು ಮಾತ್ರ ಶೋಕೇಸಿನ ಎರಡೂ ಬದಿಗಿದ್ದ ಪಿಂಗಾಣಿ ಹೂದಾನಿಗಳ ಮೇಲಿತ್ತು. ಗೃಹಪ್ರವೇಶದ ದಿನ ಅವುಗಳ ಪ್ಲಾಸ್ಟಿಕ್ ಹೂವುಗಳನ್ನು ಸಮನಾಗಿ ಕತ್ತರಿಸಿ ಇಟ್ಟವನು ನಾನು. ಈಗ ಎಡಗಡೆಯ ಹೂಗಳು ಗೇಣುದ್ದ ಮೇಲೆದ್ದು ಸೊಟ್ಟಗೆ ನಿಂತಿದ್ದವು. ಕಸುಬುದಾರನಲ್ಲವೇ, ಸುಮ್ಮನಿರಲಾಗಲಿಲ್ಲ. "ಯಾರ್ರಿ ಈ ಹೂವು ಕೆದರಿದ್ದು?" ಎಂದು ಗೊಣಗಿದೆ. ದಫೇದಾರರೂ ಒಮ್ಮೆ ಹೂದಾನಿಯತ್ತ ಕಣ್ಣು ಹಾಯಿಸಿದರು.

ದಫೇದಾರರು ಹಿತ್ತಲಿಗೆ ನಡೆದರು. ಈರಕ್ಕ ಪೂಜೆಯ ಬೆಳ್ಳಿ ಬಟ್ಟಲನ್ನು ವಿಭೂತಿ ಹಚ್ಚಿ ತಿಕ್ಕುತ್ತಿದ್ದಳು.

"ಹಂಸಾನೂ ನೀನ ತಿಕ್ತಿದ್ದೇನಬೇ?"

"ಇಲ್ರಿ, ಅವನ್ನ ಅಮ್ಮಾರು ಯಾರಿಗೂ ಮುಟ್ಟಗೊಡಂಗಿಲ್ಲ. ಹಬ್ಬ ಬಂತಂದ್ರ ನನ್ನ ಕೈಲೆ ಒಂದು ಮುಷ್ಟಿ ಹುಣಸಿಹಣ್ಣು ನೆನಿಹಾಕಿಸ್ಕೊಂಡು, ಕೋಣಿ ಬಾಗ್ಲ ಹಾಕ್ಕೊಂಡು ತಾವ ತೊಳಿತಾರ."

ಅಲ್ಲಿಗೆ ಬಂದ ಅರುಣಕುಮಾರನ ತಂಗಿ ಗೀತಾಂಜಲಿಯನ್ನು ದಫೇದಾರರು ಕೇಳಿದ್ದು ಒಂದೇ ಪ್ರಶ್ನೆ. "ನಾಡಿದ್ದು ನಿನ್ನ ನಿಶ್ಚಯಕ್ಕ ಬರೋ ಬೀಗರು ಏನು ಮಾಡ್ತಾರವ್ವಾ?"

"ಹರಪನಹಳ್ಳ್ಯಾಗ ಬೆಳ್ಳಿ ಬಂಗಾರದ ಅಂಗಡಿ ಐತ್ರಿ. ಅವ್ವ ಹಂಸದ ಸುದ್ದಿ ಹೇಳಿದ್ಲು. ಮಾವನವರು, ಹಂಗಾದ್ರ ಹೆಣ್ಣಿನ ಸಂಗಾಟ ಹಂಸಾನೂ ನಮ್ಮನಿಗೆ ಬರ್ಲಿ ಅಂದ್ರು."

ದೊಡ್ಡಬೀರಪ್ಪನವರ ಮುಖ ಗಂಟಿಕ್ಕಿತು. ಕಳ್ಳ ಸಿಕ್ಕಾಗ ಅವರು ಖುಷಿಪಟ್ಟಿದ್ದನ್ನು ನಾನು ಎಂದೂ ನೋಡಿದವನಲ್ಲ. ಎಲ್ಲರನ್ನೂ ಪಡಸಾಲೆಗೆ ಕರೆಸಿದರು. ಅಜ್ಜಯ್ಯ ಹೊಸ್ತಿಲಾಚೆ ನಿಂತರು. ಅಮೃತಾ ಗೋಡೆಗೊರಗಿ ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣುಗಳು ಬತ್ತಿದ್ದವು.

"ಮಂಜಣ್ಣ, ಆ ಎಡಗಡಿ ಹೂದಾನಿ ಬೋರಲು ಹಾಕು."

ಹೂಗಳನ್ನು ಕಿತ್ತು ಹೂದಾನಿ ಮಗುಚಿದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಎರಡು ಹಂಸಗಳು ಚಾಪೆಯ ಮೇಲೆ ಉರುಳಿದವು.

"ನೋಡ್ರಿ! ಈಕೀನ ಬಚ್ಚಿಟ್ಟಾಳ!" ಎಂದರು ಅನ್ನದಾನಮ್ಮ.

"ಈಕಿ ಕದ್ದಿದ್ರ ಮಾಗಳಕ್ಕ ಸಾಗಿಸ್ತಿದ್ಲು ತಾಯಿ, ನಿಮ್ಮ ಪಡಸಾಲ್ಯಾಗ ಯಾಕ ಇಡ್ತಿದ್ಲು?" ದಫೇದಾರರು ಒಂದು ಹಂಸವನ್ನು ತಿರುಗಿಸಿ ಹಿಡಿದರು. ಪೀಠದ ಅಂಚು ಸವೆದು ಹಳದಿ ಕಾಣುತ್ತಿತ್ತು. "ಬೆಳ್ಳಿ ಕೆಟ್ರ ಕಪ್ಪಾಗತೈತಿ. ಮಖಮಲ್ ಮ್ಯಾಲಿರೋದು ಹಸರು ಕಿಲುಬು. ಹಳದಿ ಲೋಹ, ಹಸರು ಕಿಲುಬು, ಹಿತ್ತಾಳಿ ಅಲ್ದ ಇನ್ನೇನು? ಈ ಮನ್ಯಾಗ ಬೆಳ್ಳಿಗೆ ವಿಭೂತಿ, ಹಿತ್ತಾಳಿಗೆ ಹುಣಸಿಹಣ್ಣು. ಇವಕ್ಕ ಮಾತ್ರ ಕದ ಮುಚ್ಚಿ ಹುಣಸಿಹಣ್ಣು ಯಾಕ? ವಿಭೂತಿ ಹಾಕಿ ಗಸಗಸ ತಿಕ್ಕಿದ್ರ ಮ್ಯಾಲಿನ ಬೆಳ್ಳಿ ನೀರಿನ ಲೇಪ ಹೋಗತೈತಿ. ಅದು ಗೊತ್ತಿದ್ದಾಕಿ ನೀವೊಬ್ರ."

ಅನ್ನದಾನಮ್ಮ ಹಂಸ ಕಸಿದುಕೊಳ್ಳಲು ಕೈ ಚಾಚಿದರು, ದಫೇದಾರರು ಕೊಡಲಿಲ್ಲ.

"ತವರಿನ ಬೆಳ್ಳಿ ಅಂತ ಊರಿಗೆಲ್ಲ ಹೇಳಿದ್ರಿ. ಈಗ ಬೆಳ್ಳಿ ಅಂಗಡಿಯಾವನ ಕೇಳ್ಯಾನ. ಕೈಯಾಗ ಹಿಡಿದ ಕೂಡ್ಲೆ ಆತಗ ಗೊತ್ತಾಗ್ತಿತ್ತು. ಹಂಸ ಕಳುವಾಗಬೇಕಿತ್ತು. ಕಳುವಾತು ಅಂದ್ರ ಕಳ್ಳ ಬೇಕಲ್ಲ? ಈರಕ್ಕ ಊರಾಗಿರಲಿಲ್ಲ. ಹೊರಗಿನಾಕಿ ಅಂದ್ರ ಸೊಸಿ ಒಬ್ಬಾಕಿ."

ಅನ್ನದಾನಮ್ಮ ಚಾಪೆಯ ಮೇಲೆ ಕೂತರು. "ನನ್ನ ಅಣ್ಣ ಮದುವ್ಯಾಗ ಸಭಾದಾಗ ಬೆಳ್ಳಿ ಅಂತ ಕೊಟ್ಟಾರ್ರಿ. ಬಣ್ಣ ಬಿಟ್ಟಾಗ ನನಗ ತಿಳೀತು. ಅತ್ತಿಮನ್ಯಾಗ ಯಾವ ಬಾಯಿಲೆ ಹೇಳ್ಲಿ? ಹಂಗ ಮುಚ್ಚಿಕೊಂತ ಬಂದೆ."

ನನಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಗೋಡೆಗೊರಗಿದ್ದವಳನ್ನು ನೋಡಿದೆ, ಆ ಅಯ್ಯೋ ಅಲ್ಲೇ ಸತ್ತುಹೋಯಿತು.

"ತಂಗೀ," ಎಂದರು ದಫೇದಾರರು, "ವಾರಾ ವಾರಾ ಶೋಕೇಸಿನ ಧೂಳ ಹೊಡಿಯಾಕಿ ನೀನು. ಈ ಹಳದಿ ನಿನ್ನ ಕಣ್ಣಿಗೆ ಬಿದ್ದಿರಬೇಕಲ್ಲ?"

"ದೀಪಾವಳಿಯಾಗ ನೋಡಿದ್ದೆರಿ," ಎಂದಳು ಅಮೃತಾ ಮೆಲ್ಲಗೆ. "ಅತ್ತಿಯವರ ತವರಿನ ಮರ್ಯಾದಿ. ನಾನ್ಯಾಕ ಬಾಯಿ ಬಿಡ್ಲಿ ಅಂತ ಸುಮ್ನಾದೆ."

ಆಗ ಅರುಣಕುಮಾರ ಗಂಟಲು ಸರಿಮಾಡಿಕೊಂಡ. ಈಗಲಾದರೂ ಹೆಂಡತಿಯ ಪರ ಒಂದು ಮಾತಾಡುತ್ತಾನೆಂದು ನಾನು ಕಾದೆ.

"ದಫೇದಾರ್ರ, ಆಗಿದ್ದು ಆಗಿಹೋತು. ಗೀತಾಂದು ಮದುವಿ ಮುಗಿಯೋತನ ಇದು ಹೊರಗ ಹೋಗಬಾರದು. ಹಂಸ ಕಳುವಾದ್ವು ಅಂತನ ಇರ್ಲಿ. ಅಮೃತಾ, ಅಲ್ಲೀತನ ನೀನು ಮಾಗಳದಾಗ ಇರು. ಜನ ಏನರ ಅನ್ನಲಿ. ಆಮ್ಯಾಲೆ ನಾನ ಬಂದು ಕರ್ಕೊಂಡು ಬರ್ತೀನಿ."

ಥೂ ಎಂದು ಉಗಿಯುವಷ್ಟು ಸಿಟ್ಟು ಬಂತು. ನಿಜ ಗೊತ್ತಿಲ್ಲದಾಗ ತಾನು ಹೊರಿಸಿದ್ದ ಅಪವಾದವನ್ನು ನಿಜ ಗೊತ್ತಾದ ಮೇಲೂ ಹೊತ್ತುಕೋ ಎನ್ನುತ್ತಿದ್ದ ಗಂಡ. ಅಮೃತಾ ಅವನನ್ನು ಸುಮ್ಮನೆ ನೋಡಿದಳು. ಆಮೇಲೆ ಶೋಕೇಸಿನ ಬೀಗ ತೆಗೆದು, ಮಣಿಯ ಗಿಳಿಗಳನ್ನು ಒಂದೊಂದಾಗಿ ಎತ್ತಿ ಸೆರಗಿನಲ್ಲಿಟ್ಟುಕೊಂಡಳು.

ಅಷ್ಟಾದರೂ ಅನ್ನದಾನಮ್ಮನ ಕಣ್ಣು ಶೋಕೇಸಿನ ಮೇಲೇ ಇತ್ತು. "ಗಿಳಿ ಇರ್ಲಿ ಬಿಡವಾ. ನಾಡಿದ್ದು ಬೀಗರು ಬರ್ತಾರ. ಮ್ಯಾಲಿನ ಹಲಗಿ ಬಿಕೋ ಅಂತೈತಿ."

"ಅನ್ನಲಿ ಬಿಡ್ರಿ ಅತ್ತಿ. ನೋಡಿದವರು ಕೇಳಲಿ, ಯಾಕ ಖಾಲಿ ಐತಿ ಅಂತ." ಗಾಜು ಸರಿಸಿ ಬೀಗ ಹಾಕಿ, ಬೀಗದ ಕೈಯನ್ನು ಅತ್ತೆಯ ಅಂಗೈಯಲ್ಲಿಟ್ಟಳು. "ಕರಿಯಾಕ ಬರಬ್ಯಾಡ್ರಿ," ಎಂದು ಗಂಡನಿಗೆ ಹೇಳಿ ಹೊಸ್ತಿಲು ದಾಟಿದಳು. ಅಜ್ಜಯ್ಯ ದಫೇದಾರರ ಕಡೆ ಕೈ ಮುಗಿದರು. ಅವರು ಕೇಳಿದ್ದ ಒಂದು ಮಾತು ಸಿಕ್ಕಿತ್ತು.

ಅಪ್ಪ ಮಗಳು ಹತ್ತಿದ ಹಡಗಲಿ ಬಸ್ಸು ಹೊರಟ ಮೇಲೂ ದೊಡ್ಡಬೀರಪ್ಪನವರು ನಿಲ್ದಾಣದಲ್ಲೇ ನಿಂತಿದ್ದರು. "ಪತ್ತೆ ಹಚ್ಚಿ ಏನು ಉಪಯೋಗ ಆತೋ ಮಂಜಣ್ಣ?" ಎಂದರು.

ಮರುದಿನ ಅರುಣಕುಮಾರ ನನ್ನ ಅಂಗಡಿಗೆ ಬಂದು ಶೋಕೇಸಿಗೆ ಏನಾದರೂ ಕೊಡು ಎಂದ. ನಾನು ಕೊಡಲಿಲ್ಲ, ಎದುರು ಅಂಗಡಿಯವನು ಕೊಟ್ಟ. ಬೀಗರು ಬಂದರು, ಹಂಸ ಕಳುವಾದ ಸುದ್ದಿ ನಂಬಿದರು, ಹೋಳಿಗೆ ಉಂಡರು, ಶೋಕೇಸಿನ ಮುಂದೆ ನಿಂತು ಭೇಷ್ ಎಂದರಂತೆ. ಯಾಕೆ ಖಾಲಿ ಇದೆ ಎಂದು ಯಾರೂ ಕೇಳಲಿಲ್ಲವೆಂದು ಈರಕ್ಕ ಬಂದು ಹೇಳಿದಳು. ಖಾಲಿ ಎಲ್ಲಿತ್ತು? ಹಂಸಗಳಿದ್ದ ಕಡೆ ತಾಜಮಹಲು, ಗಿಳಿಗಳಿದ್ದ ಕಡೆ ಪ್ಲಾಸ್ಟಿಕ್ ದ್ರಾಕ್ಷಿಯ ಗೊಂಚಲು ಇದ್ದವು. ಸೊಸೆ ಎಲ್ಲಿ ಎಂದೂ ಯಾರೂ ಕೇಳಲಿಲ್ಲ.