ತಿಲಕನ ಫೋನಿನಿಂದ ಬಂದ ಉತ್ತರಗಳು

ಜೂನ್ 25, ಬುಧವಾರ ಬೆಳಿಗ್ಗೆ ದುಬೈಯ ಮಿರ್ದಿಫ್ ಕಡೆಯ ಪೊಲೀಸ್ ಠಾಣೆಗೆ ಇಬ್ಬರು ಹೆಂಗಸರು ಬಂದರು. ಮುಂದಿದ್ದವಳು ಏಳು ತಿಂಗಳ ಗರ್ಭಿಣಿ ಅಕ್ಷಿತಾ. ಹಿಂದಿದ್ದವರು ಅತ್ತೆ ವಾರಿಜಾಕ್ಷಿ, ಬಾಣಂತನಕ್ಕೆಂದು ವಿಸಿಟ್ ವೀಸಾದಲ್ಲಿ ಮುಲ್ಕಿಯಿಂದ ಬಂದವರು. ಸೊಸೆ ಬಂದದ್ದು ದೂರು ಕೊಡಲು, ಅತ್ತೆ ಬಂದದ್ದು ಅದನ್ನು ತಡೆಯಲು.

ತನಿಖಾಧಿಕಾರಿ ಲೆಫ್ಟಿನೆಂಟ್ ಹಾಶಿಮ್ ಇಲ್ಲಿಯವರೇ. ಅರಬ್ಬಿಯ ಜೊತೆ ಅಂಗಡಿ ಬೀದಿಯ ಹಿಂದಿಯೂ ಬರುತ್ತದೆ. ಕನ್ನಡ, ತುಳು, ಬ್ಯಾರಿ ಬಂದರೆ ಮಾತ್ರ ದುಭಾಷಿ ಅಬ್ದುಲ್ ರವೂಫ್ ಬೇಕು. ರವೂಫ್ ಉಪ್ಪಿನಂಗಡಿಯವರು. ಎಂಥವರ ಮಾತನ್ನಾದರೂ ಕುರ್ಚಿ ಎಳೆದುಕೊಂಡು ಕೂತು ಕೇಳುವ ಮನುಷ್ಯ.

"ಗಂಡ ಕಾಣೆಯಾ?" ಹಾಶಿಮ್ ರವೂಫ್ ಮೂಲಕ ಕೇಳಿದರು.

"ಇಲ್ಲ. ಮದೀನತ್ ಜಾಯೆದ್‌ಗೆ, ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಷಟ್‌ಡೌನ್ ಕೆಲಸಕ್ಕೆ ಹೋಗಿದ್ದಾರೆ. ದಿನಾ ಮೆಸೇಜ್ ಬರ್ತದೆ."

"ಮತ್ತೆ ದೂರು ಎಂತದ್ದು?"

"ಆ ಮೆಸೇಜ್ ಬರೆಯೋದು ಅವರಲ್ಲ."

ವಾರಿಜಾಕ್ಷಿ ತಡೆಯಲಾರದೆ ನಡುವೆ ಬಂದರು. "ನೋಡಿ ಸಾಯ್ಬರೇ, ಗಂಡ ವಿಚಾರಿಸೋದಿಲ್ಲ ಅಂತ ಅಳುವವರನ್ನು ನಾನು ನೋಡಿದ್ದೇನೆ. ವಿಚಾರಿಸ್ತಾನೆ ಅಂತ ಪೊಲೀಸಿಗೆ ಬಂದವಳು ಇವಳೇ."

"ಅದೇ ಅತ್ತೆ ನಾನು ಹೇಳೋದು," ಎಂದಳು ಅಕ್ಷಿತಾ. ರವೂಫ್ ಕಡೆ ತಿರುಗಿದಳು. "ಕಾಲು ಬಾತಿದೆಯಾ ಅಂತ ಕೇಳ್ತಾರೆ. ನೀರು ಕುಡಿ ಅಂತಾರೆ. ಅಮ್ಮನಿಗೆ ಬಿಪಿ ಮಾತ್ರೆ ಕೊಟ್ಟಿಯಾ ಅಂತಾರೆ. ನಾಲ್ಕು ವರ್ಷದಲ್ಲಿ ಒಂದು ಸಲ ಇಂಥದ್ದು ಕೇಳಿದವರಲ್ಲ. ಕೂತು ಟೈಪ್ ಮಾಡುವ ತಾಳ್ಮೆಯೂ ಇಲ್ಲ ಅವರಿಗೆ, ಏನಿದ್ರೂ ವಾಯ್ಸ್ ಕಳಿಸೋದು. ಈಗ ಒಂದೂ ವಾಯ್ಸ್ ಇಲ್ಲ. ಕಾಲ್ ಮಾಡಿದ್ರೆ ಎತ್ತೋದಿಲ್ಲ, ಪ್ಲಾಂಟಿನೊಳಗೆ ಫೋನ್ ಬಿಡೋದಿಲ್ಲ ಅಂತ ಬರೀತಾರೆ."

ರವೂಫ್ ಅರಬ್ಬಿಯಲ್ಲಿ ಹೇಳಿದರು. ಹಾಶಿಮ್ ನಗುತ್ತಾರೆ ಎಂದುಕೊಂಡಿದ್ದರು. ಅವರು ನಗಲಿಲ್ಲ. "ನಾನು ನಾಳೆ ಹೀಗೆಲ್ಲ ಕೇಳಲು ಶುರುಮಾಡಿದರೆ ನನ್ನ ಹೆಂಡತಿಯೂ ಠಾಣೆಗೆ ಬರುತ್ತಾಳೆ. ಇವರಿಗೆ ಏನು ಬೇಕು, ಕೇಳು."

"ಅವರು ಎಲ್ಲಿದ್ದಾರೆ ಅಂತ ಗೊತ್ತಾಗ್ಬೇಕು ಅಣ್ಣ. ಇಷ್ಟು ದಿನ ನಾನು ಯಾರ ಹತ್ತಿರ ಮಾತಾಡಿದ್ದು, ಅದೂ ಗೊತ್ತಾಗ್ಬೇಕು."

ಬೆಳಿಗ್ಗೆ 9.40ಕ್ಕೆ ದೂರು ದಾಖಲಾಯಿತು. ಊರ ಠಾಣೆಯಲ್ಲಾದರೆ ಎಫ್‌ಐಆರ್ ಎನ್ನುತ್ತಿದ್ದರು.

ಮೊದಲ ಕರೆ, ಅಕ್ಷಿತಾಳ ಗಂಡ ತಿಲಕ್ ಎಲೆಕ್ಟ್ರಿಕಲ್ ಸೂಪರ್‌ವೈಸರ್ ಆಗಿದ್ದ ಕಂಪನಿಗೆ. ಅಲ್ಲಿಯ ಗುಮಾಸ್ತ ರೇಗಿಯೇ ಮಾತಾಡಿದ. ಮದೀನತ್ ಜಾಯೆದ್‌ನಲ್ಲಿ ಈ ತಿಂಗಳು ಷಟ್‌ಡೌನೇ ಇಲ್ಲ. ತಿಲಕ್ ಬಕ್ರೀದ್ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು ಹೋದವನು ಮರಳಿಲ್ಲ. ಊರಲ್ಲಿ ತಾಯಿಗೆ ತುಂಬಾ ಹುಷಾರಿಲ್ಲ ಎಂದು ಮೆಸೇಜ್ ಮಾಡಿದ್ದಾನೆ.

ಬೆಂಚಿನಲ್ಲಿ ಸುಲೈಮಾನಿ ಚಹಾ ಊದಿ ಕುಡಿಯುತ್ತಿದ್ದ ವಾರಿಜಾಕ್ಷಿಗೆ ರವೂಫ್ ಇದನ್ನು ಹೇಳಬೇಕಾಯಿತು.

"ನನಗೆಂತ ಆಗಿದೆ? ನಾನು ಇಲ್ಲೇ ಇದ್ದೇನಲ್ಲ," ಎಂದರು ಅವರು. ಲೋಟವನ್ನು ಕೆಳಗಿಟ್ಟರು. ಆಮೇಲೆ ಸೊಸೆಯನ್ನು ಬಯ್ಯಲಿಲ್ಲ.

ಎರಡನೆಯದು ವಿಮಾನ ನಿಲ್ದಾಣದ ದಾಖಲೆ. ತಿಲಕ್ ಜೂನ್ 4ರಂದು ಥಾಯ್ಲೆಂಡಿನ ಕ್ರಾಬಿಗೆ ಹೊರಟಿದ್ದ. ಮರಳಿದ ಮುದ್ರೆ ಇಲ್ಲ. ಅದೇ ಟಿಕೆಟಿನಲ್ಲಿ ಇನ್ನೊಂದು ಹೆಸರು: ಲತೇಶ್. ಅವನು ಜೂನ್ 10ಕ್ಕೆ ಒಬ್ಬನೇ ಮರಳಿದ್ದ.

"ಲತೇಶನಾ?" ಅಕ್ಷಿತಾ ಹುಬ್ಬು ಗಂಟಿಕ್ಕಿದಳು. "ಇವರ ಶಾಲೆಯ ದೋಸ್ತಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್‌ನಲ್ಲಿ ಸ್ಟೋರ್ ಕೀಪರ್. ಭಾನುವಾರ ಅಂದ್ರೆ ನಮ್ಮಲ್ಲೇ ಊಟ. ಈಗ ಕೆಲವು ವಾರದಿಂದ ಬರಲಿಲ್ಲ, ಓವರ್‌ಟೈಮ್ ಅಂದ."

ತಿಲಕನ ಫೋನ್ ಈಗ ಎಲ್ಲಿದೆ ಎಂದು ಟೆಲಿಫೋನ್ ಕಂಪನಿಯಿಂದ ಮಧ್ಯಾಹ್ನ ಉತ್ತರ ಬಂತು. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್.

"ಯಲ್ಲಾ, ಹೊರಡು," ಎಂದು ಹಾಶಿಮ್ ಟೊಪ್ಪಿ ಎತ್ತಿಕೊಂಡರು.

ಗೋದಾಮುಗಳ ಹಿಂದಿನ ಸ್ಟಾಫ್ ಅಕಾಮಡೇಶನ್‌ನಲ್ಲಿ ಲತೇಶ್ ಬಾಗಿಲು ತೆರೆದ. ಯಾಕೆ ಬಂದಿರಿ ಎಂದು ಕೇಳಲಿಲ್ಲ. ಲಾಕರಿನ ಬೀಗದ ಕೈಯನ್ನು ತಾನೇ ಜೇಬಿನಿಂದ ತೆಗೆದುಕೊಟ್ಟ. ಒಳಗೆ ಬೆನ್ನಿಗೆ ಹಾಕುವ ದೊಡ್ಡ ಚೀಲಗಳು ಎರಡು, ತಿಲಕನ ಪಾಸ್‌ಪೋರ್ಟ್, ಚಾರ್ಜಿಗಿಟ್ಟಿದ್ದ ಅವನ ಫೋನ್. ಒಂದು ಚೀಲದಲ್ಲಿ ಅನಾನಸ್ ಚಿತ್ರಗಳಿದ್ದ ಹಳದಿ ಚಡ್ಡಿ. ಕೋಣೆಯ ಇಬ್ಬರು ಜೊತೆಗಾರರ ಸಹಿ ಹಾಕಿಸಿ ಪಂಚನಾಮೆ ಮುಗಿಸಿದರು. ಅದರಲ್ಲೊಬ್ಬ ಪೆನ್ನು ಹಿಡಿದುಕೊಂಡೇ, "ಎಂತ ಮಾಡಿದಿ ಮಾರಾಯ?" ಎಂದು ಲತೇಶನನ್ನು ಕೇಳಿದ.

ಠಾಣೆಯಲ್ಲಿ ಸಂಜೆ ಐದಕ್ಕೆ ವಿಚಾರಣೆ.

"ತಿಲಕ್ ಎಲ್ಲಿ?"

"ಸಮುದ್ರದಲ್ಲಿ."

"ಕೊಂದೆಯಾ?"

"ಕೊಂದ ಹಾಗೇ ಸಾರ್."

"ಹಾಗೇ ಅಂತ ಬರೆಯಲು ಬರುವುದಿಲ್ಲ. ಹೌದಾ, ಇಲ್ಲವಾ?"

"ಇಲ್ಲ."

ಮತ್ತೆ ಅವನು ನಿಲ್ಲಿಸದೆ ಹೇಳಿದ. ಹೈಸ್ಕೂಲಿನಿಂದಲೂ ಇಬ್ಬರದ್ದೂ ಒಂದೇ ಆಸೆ: ಬೆನ್ನಿಗೊಂದು ಚೀಲ, ಗೊತ್ತಿಲ್ಲದ ಊರು, ಸಿಕ್ಕಿದ್ದು ತಿನ್ನುವುದು, ಸಿಕ್ಕಲ್ಲಿ ಮಲಗುವುದು. ದುಬೈಗೆ ಬಂದ ಮೇಲೆ ಪ್ರತಿ ರಜೆಯೂ ಊರಿಗೇ ಆಯಿತು, ಮದುವೆ, ಗೃಹಪ್ರವೇಶ, ದೈವದ ಕೋಲ. "ಮಗು ಆದ ಮೇಲೆ ನೀನು ಮನೆ ಬಿಟ್ಟು ಹೊರಡುವವನಲ್ಲ, ಈಗ ಇಲ್ಲದಿದ್ದರೆ ಖಲಾಸ್" ಎಂದು ಒತ್ತಾಯಿಸಿದವನು ಲತೇಶನೇ. ಬಸುರಿ ಹೆಂಡತಿ ಒಪ್ಪುವುದಿಲ್ಲವೆಂದು ಷಟ್‌ಡೌನಿನ ಸುಳ್ಳು ಹೆಣೆದವನೂ ಅವನೇ. ವಿಮಾನ ಇಳಿದ ಕೂಡಲೇ ತಿಲಕ್ ಫೋನ್ ಆಫ್ ಮಾಡಿ ಚೀಲದ ತಳಕ್ಕೆ ಹಾಕಿದ್ದ.

"ಕ್ರಾಬಿಯಿಂದಾಚೆ ಒಂದು ಸಣ್ಣ ಕಡಲೂರು ಸಾರ್. ಎಂಟು ಮಂಚದ ಹಾಸ್ಟೆಲ್. ನಾಲ್ಕು ದಿನ ನಾವು ಎಷ್ಟು ನಗಾಡಿದ್ದೇವೆ ಅಂದ್ರೆ... ಬೀದಿಯಲ್ಲಿ ಒಂದೇ ನಮೂನೆ ಚಡ್ಡಿ ತೆಗೊಂಡು ತಿರುಗಿದ್ದು, ಬ್ಯಾಂಡ್ ಸೆಟ್ಟಿನವರ ಹಾಗೆ. ಎಂಟನೇ ತಾರೀಕು ಕೆಂಪು ಬಾವುಟ ಹಾಕಿದ್ರು. ಮಳೆಗಾಲದ ಕಡಲು ನಮಗೆ ಹೊಸತಾ? ಊರಲ್ಲಿ ಈ ತಿಂಗಳು ದೋಣಿ ಕೂಡ ಇಳಿಸೋದಿಲ್ಲ. ತಿಲಕ ಬೇಡ ಅಂದ. ನಾನು ಹೇಳಿದೆ..."

"ಏನು ಹೇಳಿದೆ?"

"ಹೆಂಡತಿಗೂ ಹೆದರ್ತಿ, ನೀರಿಗೂ ಹೆದರ್ತಿ, ಹುಟ್ಟುವ ಮಗು ಎಂತ ಕಲಿತೀತು ನಿನ್ನಿಂದ ಅಂತ." ಅವನು ಮೇಜಿನ ಅಂಚನ್ನು ನೋಡುತ್ತಿದ್ದ. "ತಮಾಷೆಗೆ ಸಾರ್. ದಿನಾ ಹೇಳ್ತಿದ್ದದ್ದೇ."

ನೀರಿಗಿಳಿದ ತಿಲಕ್ ಮೇಲೆ ಬರಲಿಲ್ಲ, ಎರಡು ದಿನ ದಡದುದ್ದಕ್ಕೂ ಒಬ್ಬನೇ ನಡೆದು ಹುಡುಕಿದೆ ಎಂದ. ಹಾಸ್ಟೆಲಿನವರಿಗೆ, ಗೆಳೆಯ ಮೊದಲೇ ಹೊರಟುಹೋದ ಎಂದಿದ್ದ.

"ಅಲ್ಲಿಯ ಪೊಲೀಸಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಎಂಬೆಸಿ. ಎಂಬೆಸಿಯಿಂದ ಮನೆಗೆ ಫೋನ್. ಅವಳು ಏಳು ತಿಂಗಳ ಬಸುರಿ. ಫೋನ್ ಎತ್ತಿದ ಕೂಡ್ಲೇ, ನಿನ್ನ ಗಂಡ ಇಲ್ಲ ಅಂದ್ರೆ? ಅವನ ಫೋನಿನ ಪಿನ್ ನನಗೆ ಗೊತ್ತಿತ್ತು, ಅದಕ್ಕೇ ಮೊದಲಿಗೆ ನೆಟ್‌ವರ್ಕ್ ಇಲ್ಲ ಅಂತ ಬರೆದೆ. ಆಮೇಲೆ ಸ್ವಲ್ಪ ಜ್ವರ ಅನ್ನುವ, ಆಮೇಲೆ ಆಸ್ಪತ್ರೆ ಅನ್ನುವ, ಅಷ್ಟರಲ್ಲಿ ಹೆರಿಗೆ ಆಗ್ಲಿ, ಮತ್ತೆ ಮೆಲ್ಲ ಹೇಳುವ ಅಂತ. ನಮ್ಮಲ್ಲಿ ಹಾಗೇ ಅಲ್ವಾ ಹೇಳೋದು?"

ಹಾಶಿಮ್‌ಗೆ ಇದು ಅರ್ಥವಾಗಲಿಲ್ಲ. "ಸತ್ತವನಿಗೆ ಜ್ವರ ಯಾಕೆ?"

ರವೂಫ್ ವಿವರಿಸಿದರು. ನಮ್ಮ ಕರಾವಳಿಯಲ್ಲಿ ಸಾವಿನ ಸುದ್ದಿ ಒಮ್ಮೆಲೇ ಮನೆಗೆ ಬರುವುದಿಲ್ಲ, ಮೆಟ್ಟಿಲು ಹತ್ತಿ ಬರುತ್ತದೆ. ತಂದೆ ಹೋದಾಗ ತನಗೂ ಹಾಗೇ ಆಯಿತು. ಬಾಪಾಗೆ ಸ್ವಲ್ಪ ಕೆಮ್ಮು, ಒಮ್ಮೆ ಬಂದು ನೋಡಿ ಹೋಗು ಅಂದರು. ಮಂಗಳೂರಲ್ಲಿ ಇಳಿದಾಗ ಕರೆದುಕೊಂಡು ಹೋಗಲು ಹನ್ನೊಂದು ಮಂದಿ ಬಂದಿದ್ದರು. ಕೆಮ್ಮಿಗೆ ಹನ್ನೊಂದು ಮಂದಿ ಬರುವುದಿಲ್ಲ.

"ಆದರೆ ಅವರು ದಫನ್ ತಡ ಮಾಡಲಿಲ್ಲ," ಎಂದರು ಹಾಶಿಮ್.

"ಇಲ್ಲ ಸಾರ್. ಅದು ತಡ ಮಾಡಲಿಲ್ಲ."

ಅಂದೇ ಥಾಯ್ ಪೊಲೀಸರಿಗೆ ವಿಚಾರಣಾ ಪತ್ರ ಹೋಯಿತು. ಶನಿವಾರ ಉತ್ತರ ಬಂತು. ಜೂನ್ 12ರಂದು ಕೆಳಗಿನ ಹಳ್ಳಿಯ ಮೀನುಗಾರರಿಗೆ ಒಂದು ಶವ ಸಿಕ್ಕಿತ್ತು. ಹೊಡೆದ ಗಾಯಗಳಿಲ್ಲ, ನೀರಿನಲ್ಲಿ ಮುಳುಗಿ ಸಾವು. ಕಾಣೆಯಾದವರ ದೂರು ಯಾವುದೂ ಇಲ್ಲದ್ದರಿಂದ ಜಿಲ್ಲಾ ಆಸ್ಪತ್ರೆಯಲ್ಲಿ ನಂಬರ್ ಕಟ್ಟಿ ಇಟ್ಟಿದ್ದಾರೆ. ತಿಂಗಳು ಕಳೆದರೆ ಅಲ್ಲೇ ಮಣ್ಣು ಮಾಡುವವರಿದ್ದರು. ಜೊತೆಗೆ ಬಟ್ಟೆಯ ಫೋಟೊ: ಹಳದಿ ಚಡ್ಡಿ, ಅನಾನಸ್.

ಲತೇಶ್ ಫೋಟೊವನ್ನು ತುಂಬ ಹೊತ್ತು ಹಿಡಿದುಕೊಂಡಿದ್ದ. "ಹನ್ನೆರಡಕ್ಕೇ ಸಿಕ್ಕಿದ್ನಾ?" ಎಂದು ಕೇಳಿದ.

"ನೀನು ಒಂದು ಮಾತು ಹೇಳಿ ಬಂದಿದ್ದರೆ ಹದಿನೈದಕ್ಕೆ ಮನೆಗೆ ಬರುತ್ತಿದ್ದ," ಎಂದರು ಹಾಶಿಮ್.

ಸಾವನ್ನು ಮುಚ್ಚಿಟ್ಟದ್ದು, ಸತ್ತವನ ಫೋನಿನಿಂದ ಅವನ ಹೆಸರಿನಲ್ಲಿ ಸಂದೇಶ ಕಳಿಸಿದ್ದು. ಈ ಆರೋಪಗಳ ಮೇಲೆ ಲತೇಶನ ಬಂಧನವಾಯಿತು.

ಸಂಜೆ ಹಾಶಿಮ್ ಮತ್ತು ರವೂಫ್ ಮಿರ್ದಿಫ್‌ನ ಮನೆಗೆ ಹೋದರು. ದಾರಿಯುದ್ದಕ್ಕೂ ರವೂಫ್ ವಾಕ್ಯ ಜೋಡಿಸುತ್ತಿದ್ದರು. ಅಕ್ಷಿತಾ ಬಾಗಿಲು ತೆರೆದಾಗ ಬಾಯಿಗೆ ಬಂದದ್ದು, "ಸ್ವಲ್ಪ..."

"ನೇರ ಹೇಳಿ ಅಣ್ಣ."

"ತಿಲಕ್ ತೀರಿಕೊಂಡಿದ್ದಾರೆ ತಂಗಿ. ಎಂಟನೇ ತಾರೀಕು. ಈಜಲಿಕ್ಕೆ ಹೋಗಿ. ಲತೇಶ ಜೊತೆಗಿದ್ದ. ಮೆಸೇಜ್ ಬರೆದದ್ದು ಅವನೇ."

ಅವಳು ಗೋಡೆ ಹಿಡಿದು ಕುಳಿತಳು. ಒಳಗಿನಿಂದ ಬಂದ ವಾರಿಜಾಕ್ಷಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಎಂಟಕ್ಕೆಯಾ? ಅದು ಹೇಗೆ? ಹನ್ನೊಂದಕ್ಕೆ ನನಗೆ ಮಾತ್ರೆ ತೆಗೊಳ್ಳಲಿಕ್ಕೆ ಹೇಳಿದ್ದಾನಲ್ಲ," ಎಂದರು. ಅದನ್ನೇ ಇನ್ನೊಮ್ಮೆ ಹೇಳಿದರು, ಮೆತ್ತಗೆ.

ಅಕ್ಷಿತಾ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. "ಹೊರಡುವ ದಿನ ನಾವು ಜಗಳ ಆಡಿದ್ದೆವು. ಈ ಹೊತ್ತಿನಲ್ಲಿ ಬಿಟ್ಟು ಹೋಗ್ತೀರಿ, ನಿಮಗೆ ಈ ಮಗು ಬೇಡವೇ ಬೇಡ ಅಂದಿದ್ದೆ. ಏಳನೇ ತಾರೀಕು ತಪ್ಪಾಯ್ತು ಅಂತ ಮೆಸೇಜ್ ಹಾಕಿದೆ. ಹತ್ತಕ್ಕೆ ಉತ್ತರ ಬಂತು, ನನ್ನದೂ ತಪ್ಪುಂಟು, ಬಂದು ಮಾತಾಡುವ ಅಂತ. ಆ ಉತ್ತರ ಲತೇಶನದ್ದು, ಗೊತ್ತಾಯ್ತು. ನಾನು ಹಾಕಿದ್ದನ್ನು ಇವರು ನೋಡಿದ್ರಾ?"

ಫೋನಿನ ತಪಾಸಣೆಯ ವರದಿಯನ್ನು ಅನುವಾದ ಮಾಡಿದವರು ರವೂಫರೇ. ಜೂನ್ 4ರಿಂದ 10ರವರೆಗೆ ಫೋನ್ ಆನ್ ಆಗಿರಲಿಲ್ಲ. ಅವರು ಹಾಶಿಮ್ ಕಡೆ ನೋಡಿದರು. ಹಾಶಿಮ್‌ಗೆ ಈ ಭಾಷೆ ತಿಳಿಯದು. ಇಲ್ಲಿ ಏನು ಹೇಳಿದರೂ ಹೇಳಿದವರು ರವೂಫ್ ಒಬ್ಬರೇ.

"ಇಲ್ಲ ತಂಗಿ. ನೋಡಲಿಲ್ಲ."

ಅವಳು ತಲೆಯಾಡಿಸಿದಳು.

ಠಾಣೆಗೆ ಮರಳಿ ರವೂಫ್ ಲತೇಶನ ಹೇಳಿಕೆಯನ್ನು ಕನ್ನಡದಲ್ಲಿ ಅವನಿಗೆ ಓದಿ ಹೇಳಿದರು. ಕೊನೆಯಲ್ಲಿ ಏನಾದರೂ ಸೇರಿಸಲಿಕ್ಕುಂಟಾ ಎಂದು ಕೇಳಿದರು.

"ಮೊದಲ ಎರಡು ದಿನ ಅವಳಿಗೋಸ್ಕರವೇ ಬರೆದದ್ದು," ಎಂದ ಲತೇಶ್. "ಆಮೇಲೆ ನನಗೇ ಬೇಕಾಯ್ತು. ಅವನ ಹೆಸರಲ್ಲಿ ಬರೆಯುವಷ್ಟು ಹೊತ್ತು ಅವನು ಎಲ್ಲೋ ಡ್ಯೂಟಿಯಲ್ಲಿದ್ದಾನೆ ಅಂತಲೇ ಅನಿಸ್ತಿತ್ತು. ಅದನ್ನು ಬರೀಬೇಡಿ." "ಅಕ್ಷಿತಾ ಎಂತ ಕೇಳಿದ್ಲು?" ಎಂದ.

"ಅವಳ ಮೆಸೇಜ್ ತಿಲಕ ನೋಡಿದ್ನಾ ಅಂತ."

"ನೀವೆಂತ ಹೇಳಿದ್ರಿ?"

"ಇಲ್ಲ ಅಂದೆ."

ಲತೇಶ್ ಮುಖ ಉಜ್ಜಿಕೊಂಡ. "ನಾನಾದ್ರೆ ನೋಡಿದ್ದ ಅಂತ ಹೇಳ್ತಿದ್ದೆ."

"ಗೊತ್ತುಂಟು," ಎಂದು ರವೂಫ್ ಸಹಿಯ ಜಾಗವನ್ನು ಬೆರಳಿನಿಂದ ತೋರಿಸಿದರು.