‘ರ’ ಅಕ್ಷರದ ಹೊಟ್ಟೆ

ರಟ್ಟು ಕೊರೆಯುವ ಲೇಸರ್ ಮಷೀನ್ ನಿಂತಿತು. ಯಶೋಧಾ ರಟ್ಟನ್ನು ಎತ್ತಿದ್ದೇ ತಡ, ‘ರ’ ಅಕ್ಷರದ ನಡುವಿನ ದುಂಡು ಚೂರು ಟಪ್ಪೆಂದು ಕೆಳಗೆ ಬಿತ್ತು. ‘ರ’ ಇರಬೇಕಾದಲ್ಲಿ ಈಗ ಬರೀ ದೊಡ್ಡ ತೂತು.

“ಸರ್, ಮಷೀನ್ ತಪ್ಪು ಕಟ್ ಮಾಡೇದ್ರಿ.”

“ನೀ ಕಂಪ್ಯೂಟರ್‌ನ್ಯಾಗ ಹಾಕಿದ ಗೆರಿ ಮ್ಯಾಲೇ ಲೇಸರ್ ಹೋಗೇದ,” ಎಂದರು ಲ್ಯಾಬಿನ ಅಲ್ತಾಫ್ ಸರ್. “ನಡುವಿನ ಚೂರು ಬೀಳಲಾರದಂಗ ಏನು ಹಿಡೀಬೇಕು? ವಿಚಾರ ಮಾಡ್ಕೊಂಡು ಬಾ.”

ಆರನೇ ಕ್ಲಾಸಿನ ಯಶೋಧಾ ಪ್ರತಿ ಶನಿವಾರ ಮಧ್ಯಾಹ್ನ ದೇವದುರ್ಗದಿಂದ ರಾಯಚೂರಿಗೆ ಬಸ್ಸಿನಲ್ಲಿ ಬಂದು ಈ ಕೆಲಸ ಕಲಿಯುತ್ತಿದ್ದಳು. ಅವಳ ಶಾಲೆಯ ಹಿಂದೆ ಕೈಕಾಲು ತೊಳೆಯುವ ಆರು ನಳಗಳಿದ್ದವು. ಬೋರಿನ ಕೆಟ್ಟ ನೀರು. ಹೋದ ವಾರ ಒಂದನೇ ಕ್ಲಾಸಿನ ಮೂವರು ಅದನ್ನೇ ಕುಡಿದು ವಾಂತಿ ಮಾಡಿಕೊಂಡಿದ್ದರು. ರಟ್ಟಿನಲ್ಲಿ ‘ಕುಡಿಯಬಾರದು’ ಎಂದು ಕೊರೆದು, ಗೋಡೆಗೆ ಹಿಡಿದು ಬಣ್ಣ ಬಳಿಯುತ್ತೇನೆಂದು ಅವಳು ಹೆಡ್ ಮೇಡಂಗೆ ಹೇಳಿಬಿಟ್ಟಿದ್ದಳು.

ಊರಿಗೆ ಮರಳುವ ಬಸ್ಸಿನಲ್ಲಿ ಯಾರೋ ಅವಳ ಕಾಲ ಬಳಿ ಅಕ್ಕಿ ಚೀಲ ಇಟ್ಟರು. ಮೇಲೆ ನೀಲಿ ಬಣ್ಣದಲ್ಲಿ ‘ರಾಯಚೂರು’. ‘ರಾ’ದ ಸುತ್ತು ಎರಡು ಕಡೆ ಚೂರೇ ಚೂರು ಬಿಟ್ಟುಹೋಗಿತ್ತು. ಬಣ್ಣ ಸಾಲಲಿಲ್ಲವೇನೋ ಅಂದುಕೊಂಡಳು. ‘ರು’ ನೋಡಿದರೆ ಅಲ್ಲೂ ಹಾಗೆಯೇ. ಓ, ಇದೂ ಕೊರೆದ ರಟ್ಟು ಹಿಡಿದು ಬಳಿದದ್ದೇ; ಬಣ್ಣ ಹತ್ತದ ಆ ಜಾಗದಲ್ಲೇ ರಟ್ಟಿನ ಸಣ್ಣ ಪಟ್ಟಿ ನಿಂತು ನಡುವಿನ ಚೂರನ್ನು ಹಿಡಿದುಕೊಂಡಿತ್ತು!

ಮುಂದಿನ ಶನಿವಾರ ಅವಳು ಫೈಲ್ ತೆರೆದು, ಝೂಮ್ ಮಾಡಿ, ಪ್ರತಿ ಸುತ್ತಿನಲ್ಲೂ ಎರಡು ಪಟ್ಟಿ ಬಿಟ್ಟಳು. ಮೊದಲ ಸಲ ಪಟ್ಟಿ ತೆಳುವಾಗಿ ಸುಟ್ಟು ಮುರಿಯಿತು. ಎರಡನೇ ಸಲ ದಪ್ಪವಾಗಿ, ‘ರ’ ಯಾವ ಅಕ್ಷರವೆಂದೇ ತಿಳಿಯಲಿಲ್ಲ. ಸಾಕು, ಮನೆಗೆ ಹೋಗು ಎಂದರು ಸರ್. ಅವಳು ಮೌಸ್ ಬಿಡಲಿಲ್ಲ. ಮೂರನೇ ರಟ್ಟನ್ನು ಎತ್ತಿ ಅಲ್ಲಾಡಿಸಿದಳು. ಏನೂ ಬೀಳಲಿಲ್ಲ.

ಸೋಮವಾರ ಆರೂ ನಳಗಳ ಮೇಲೆ ಕೆಂಪು ಅಕ್ಷರ ಮೂಡಿದವು. ಹೆಡ್ ಮೇಡಂ ಬೆನ್ನು ತಟ್ಟಿದರು.

ಅಷ್ಟರಲ್ಲಿ ಒಂದನೇ ಕ್ಲಾಸಿನ ತಹಮೀನಾ ಓಡಿ ಬಂದಳು.

“ಅಕ್ಕಾ, ಭಾಳ ಚಂದ ಅದ. ಏನಂತ ಬರ್ದಿ?” ಎನ್ನುತ್ತಲೇ ನಳ ತಿರುಗಿಸಿ ಬೊಗಸೆ ಒಡ್ಡಿದಳು.

ಯಶೋಧಾ ಅವಳ ಕೈ ಹಿಡಿದುಕೊಂಡಳು. ಅಕ್ಷರಗಳನ್ನು ನೋಡಿದಳು. ತಹಮೀನಾಳ ಮುಖ ನೋಡಿದಳು.

ಆಮೇಲೆ ನೋಟ್‌ಬುಕ್ ತೆಗೆದು ಒಂದು ಗ್ಲಾಸಿನ ಚಿತ್ರ ಬರೆದಳು. ಅದರ ಮೇಲೆ ಅಡ್ಡ ಗೆರೆ ಎಳೆದಳು.

“ಇದೇನು ಹೇಳು?”

“ನೀರು ಕುಡಿಬ್ಯಾಡ ಅಂತ,” ಎಂದಳು ತಹಮೀನಾ.

ಲ್ಯಾಬಿಗೆ ಹೋಗುವ ಶನಿವಾರಕ್ಕೆ ಇನ್ನೂ ಐದು ದಿನ ಇತ್ತು. ಯಶೋಧಾ ನಳದ ಪಕ್ಕದಲ್ಲೇ ಕೂತು ಗ್ಲಾಸನ್ನು ಇನ್ನೊಮ್ಮೆ, ದೊಡ್ಡದಾಗಿ ಬರೆಯತೊಡಗಿದಳು.